ಬೇಕರಿ ಅಕ್ಕನ ಬೆರಳು ಬಿಚ್ಚಿದ್ದು

ಬೀದಿಯ ಮೂಲೆಯಲ್ಲೊಂದು ಬೇಕರಿ. ಬೆಳಗಾಗುತ್ತಲೇ ಅದರ ಮುಂದೆ ಜನ ಸಾಲುಗಟ್ಟುತ್ತಿದ್ದರು. ಗಲ್ಲಾದಲ್ಲಿ ಕೂತು ಗಿರಾಕಿಗಳ ಜೊತೆ ಹರಟುತ್ತಿದ್ದವರು ಅತ್ತೆ. ಭಟ್ಟಿಯ ಮುಂದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದವನು ಅವರ ಮಗ. ಹಿಟ್ಟು ನಾದುವ ಕೆಲಸ ಮಾತ್ರ ಸೊಸೆಯದು. ಅವಳ ಕೈ ತಾಗಿದರೆ ಸಾಕು, ಬ್ರೆಡ್ಡು ಹತ್ತಿಯ ಹಾಗೆ ಉಬ್ಬುತ್ತದೆ ಎಂದು ಇಡೀ ಬೀದಿ ಹೇಳುತ್ತಿತ್ತು. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅವಳನ್ನು ಬೇಕರಿ ಅಕ್ಕ ಎಂದೇ ಕರೆಯುತ್ತಿದ್ದರು.

ಒಂದು ಚಳಿಗಾಲದಲ್ಲಿ ಅಕ್ಕನ ಬೆರಳುಗಳು ಅವಳ ಮಾತು ಕೇಳುವುದನ್ನು ಬಿಟ್ಟವು. ಬೆಳಿಗ್ಗೆ ಎದ್ದಾಗ ಎರಡೂ ಕೈ ಬಿಗಿದುಕೊಂಡಿರುತ್ತಿದ್ದವು. ಗೆಣ್ಣುಗಳು ಊದಿ, ಮುಟ್ಟಿದರೆ ಬೆಚ್ಚಗೆ. ಬಿಸಿಲು ಏರಿದ ಮೇಲೆ ಬೆರಳು ಸ್ವಲ್ಪ ಸಡಿಲವಾಗುತ್ತಿದ್ದವು. ಆದರೆ ಬೇಕರಿಯ ಹಿಟ್ಟು ಬಿಸಿಲು ಏರುವ ತನಕ ಕಾಯುತ್ತದೆಯೇ? ಅಕ್ಕ ಯಾರಿಗೂ ಹೇಳದೆ ಮೊಣಕೈ ಊರಿ ನಾದತೊಡಗಿದಳು.

ಅತ್ತೆಯ ಕಣ್ಣಿಗೆ ಅದು ಬೀಳದೆ ಇರಲಿಲ್ಲ.

"ಏನೇ ಅದು, ಹಿಟ್ಟಿನ ಜೊತೆ ಕುಸ್ತಿ ಆಡ್ತಿದ್ದೀಯ?"

"ಬೆರಳು ಸ್ವಲ್ಪ ಹಿಡ್ಕೊಂಡಿದೆ ಅತ್ತೆ."

"ತಣ್ಣೀರಲ್ಲಿ ಟ್ರೇ ತೊಳೀಬೇಡ ಅಂದ್ರೆ ಕೇಳ್ತೀಯಾ? ವಯಸ್ಸೂ ಆಯ್ತು ನೋಡು."

"ನನಗಿನ್ನೂ ನಲವತ್ತಾಗಿಲ್ಲ."

"ನಲವತ್ತೇನು ಕಮ್ಮಿನಾ?" ಎಂದರು ಅತ್ತೆ. ಅವರಿಗೆ ಎಪ್ಪತ್ತು ದಾಟಿತ್ತು. ಅವರ ಬೆರಳುಗಳು ಚಿಲ್ಲರೆ ಎಣಿಸುವಾಗ ನೀರಿನಂತೆ ಹರಿಯುತ್ತಿದ್ದವು.

ಸುದ್ದಿ ಗಿರಾಕಿಗಳ ಕಿವಿಗೂ ಬಿತ್ತು. ಹೊಲಿಗೆಯವರು ಎಣ್ಣೆ ತಿಕ್ಕು ಎಂದರು. ನಿವೃತ್ತ ಅಂಚೆಯಣ್ಣ ಬಿಸಿನೀರಿನ ಶಾಖ ಕೊಡು ಎಂದ. ಇನ್ಯಾರೋ ಟೊಮೆಟೊ ಬಿಡು ಎಂದರು. ಅಕ್ಕ ಎಲ್ಲವನ್ನೂ ಮಾಡಿ ನೋಡಿದಳು. ಕೊನೆಗೆ ಔಷಧಿ ಅಂಗಡಿಯಲ್ಲಿ ತಾನೇ ಕೇಳಿ ನೋವಿನ ಮಾತ್ರೆ ತಂದು ನುಂಗತೊಡಗಿದಳು. ನೋವು ಒಂದಿಷ್ಟು ಹೊತ್ತು ಮರೆಯಾಗಿ ಮತ್ತೆ ಹಾಜರಾಗುತ್ತಿತ್ತು. ಜೊತೆಗೆ ಹೊಟ್ಟೆ ಉರಿಯೂ ಶುರುವಾಯಿತು.

ಒಂದು ಬೆಳಿಗ್ಗೆ, ಭಟ್ಟಿಯಿಂದ ತೆಗೆದ ಟ್ರೇ ಅವಳ ಕೈ ಜಾರಿತು. ಬನ್ನುಗಳೆಲ್ಲ ನೆಲದ ಮೇಲೆ ಉರುಳಿ ಹೊಸ್ತಿಲು ದಾಟಿದವು. ಬೀದಿನಾಯಿಗೆ ಅಂದು ಹಬ್ಬ. ಸಾಲಿನಲ್ಲಿ ನಿಂತವರು ನಕ್ಕರು. ಅಕ್ಕನೂ ನಗಲು ಹೋದಳು. ಆಗಲಿಲ್ಲ. ಒಳಗೆ ಹೋಗಿ ಮೈದಾ ಮೂಟೆಗಳ ಹಿಂದೆ ಕೂತುಬಿಟ್ಟಳು.

ಗಂಡ ಬಂದು ಪಕ್ಕದಲ್ಲಿ ಕೂತ. ಅವಳ ಕೈಗಳನ್ನು ತಿರುಗಿಸಿ ನೋಡಿದ.

"ಇಷ್ಟು ಊದಿದೆ. ಯಾಕೆ ಸರಿಯಾಗಿ ಹೇಳಲಿಲ್ಲ?"

"ಹೇಳಿದ್ರೆ ನಾದಬೇಡ ಅಂತೀರಿ. ನಾದೋದು ಬಿಟ್ಟು ನನಗೆ ಬೇರೆ ಏನು ಬರುತ್ತೆ ರೀ?"

ಅವನು ಅವಳ ಕೈಗಳನ್ನು ಮೆಲ್ಲಗೆ ಕೆಳಗಿಟ್ಟ. ಎದ್ದು ಹೋಗಿ ತಂಗಿಗೆ ಫೋನ್ ಮಾಡಿದ.

ಈ ತಂಗಿ, ಅಂದರೆ ಅಕ್ಕನ ನಾದಿನಿ, ದೊಡ್ಡಾಸ್ಪತ್ರೆಯ ಕೀಲುರೋಗ ವಿಭಾಗದಲ್ಲಿ ನರ್ಸು. ಭಾನುವಾರ ಬಂದವಳೇ ಚಪ್ಪಲಿ ಬಿಟ್ಟು, ನೀರೂ ಕುಡಿಯದೆ ಅತ್ತಿಗೆಯ ಕೈ ಹಿಡಿದಳು.

"ಅತ್ತಿಗೆ, ಬೆಳಿಗ್ಗೆ ಈ ಬಿಗಿತ ಎಷ್ಟು ಹೊತ್ತು ಇರುತ್ತೆ?"

"ತಿಂಡಿ ಆಗೋ ತನಕ ಇರುತ್ತೆ."

"ಎರಡೂ ಕೈಯಲ್ಲೂ?"

"ಹೂಂ. ಈಗೀಗ ಪಾದದಲ್ಲೂ. ಮತ್ತೆ ವಿಪರೀತ ಸುಸ್ತು."

"ಸುಸ್ತು ಯಾರಿಗಿಲ್ಲ ಹೇಳು," ಎಂದರು ಅತ್ತೆ.

"ಅಮ್ಮ, ಇದು ವಯಸ್ಸಿನದೂ ಅಲ್ಲ, ತಣ್ಣೀರಿಂದ ಬಂದಿದ್ದೂ ಅಲ್ಲ. ಡಾಕ್ಟರು ನೋಡಿ ಹೇಳಬೇಕು, ಆದರೆ ನನಗೆ ಸಂಧಿವಾತದ ಅನುಮಾನ. ಅದರಲ್ಲೂ ಉರಿಯೂತದ ಜಾತಿಯದು. ಈಗ ನೀನೇ ಹೇಳು. ಬೀದಿಗೆ ಕಳ್ಳ ಬಂದ ಅಂತ ಯಾರಾದ್ರೂ ಕೂಗಿದ್ರೆ ಏನಾಗುತ್ತೆ?"

"ಎಲ್ಲರೂ ಕೈಗೆ ಸಿಕ್ಕಿದ್ದು ಹಿಡ್ಕೊಂಡು ಓಡಿ ಬರ್ತಾರೆ. ನಾನು ಲಟ್ಟಣಿಗೆ ತಗೊಂಡು ಬರ್ತೀನಿ."

"ಕಳ್ಳನೇ ಇಲ್ಲ, ಆದ್ರೂ ಕೂಗ್ತಾನೇ ಇದ್ರೆ?"

"ಬಂದೋರು ಸುಮ್ನಿರ್ತಾರಾ? ಕತ್ತಲಲ್ಲಿ ನಮ್ಮ ಮನೆ ಬಾಗಿಲನ್ನೇ ಒಡೀತಾರೆ."

"ಅತ್ತಿಗೆ ಕೀಲಲ್ಲಿ ನಡೀತಿರೋದು ಅದೇ. ರೋಗಾಣು ಬಂದ್ರೆ ಕಾಯೋಕೆ ಅಂತ ನಮ್ಮ ಮೈಯಲ್ಲಿ ಒಂದು ಪಡೆ ಇದೆ. ಆ ಪಡೆಯವರು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸೋದು ಸಣ್ಣ ಸಣ್ಣ ಪ್ರೋಟೀನುಗಳ ಮೂಲಕ. ಸೈಟೊಕೈನ್ ಅಂತಾರೆ. ಗಾಯ ಆದಾಗ, ಜ್ವರ ಬಂದಾಗ ಅವು ಬೇಕೇ ಬೇಕು. ಆದರೆ ಕೆಲವರಲ್ಲಿ ಈ ಕೂಗು ನಿಲ್ಲೋದೇ ಇಲ್ಲ. ಪಡೆ ಬಂದು ಕೀಲಿನ ಮೇಲೇ ಬೀಳುತ್ತೆ. ಊತ, ಬಿಸಿ, ಬಿಗಿತ ಎಲ್ಲ ಅದರದ್ದೇ."

"ಯಾಕೆ ಹಾಗೆ ಕೂಗ್ತವೆ?" ಅಕ್ಕ ಮೆಲ್ಲಗೆ ಕೇಳಿದಳು.

"ಪೂರ್ತಿ ಯಾರಿಗೂ ಗೊತ್ತಿಲ್ಲ ಅತ್ತಿಗೆ. ಹುಡುಕ್ತಾ ಇದ್ದಾರೆ. ಆದರೆ ಒಂದಂತೂ ಗೊತ್ತು. ತಡ ಮಾಡಿದ್ರೆ ಕೀಲು ಸವೆದು ಬೆರಳು ಸೊಟ್ಟ ಆಗುತ್ತೆ. ಬೇಗ ಬಂದ್ರೆ ತಡೀಬಹುದು. ನಾಳೆನೇ ಹೊರಡಿ."

"ನಾಳೆ ಹಿಟ್ಟು ನಾದೋರು ಯಾರು?"

"ನಾನು ನಾದ್ತೀನಿ," ಎಂದ ಗಂಡ. ಮರುದಿನದ ಬ್ರೆಡ್ಡು ಇಟ್ಟಿಗೆಯ ಹಾಗಿತ್ತಂತೆ. ಅಂಚೆಯಣ್ಣನ ಕಟ್ಟಿಸಿದ ಹಲ್ಲು ಅಲುಗಾಡಿತೆಂಬುದು ಬೀದಿಯವರ ದೂರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಂದೊಂದೇ ಗೆಣ್ಣನ್ನು ಒತ್ತಿ ನೋಡಿದರು. ರಕ್ತ ಪರೀಕ್ಷೆ, ಎಕ್ಸ್‌ರೇ ಮಾಡಿಸಿದರು. ನಾದಿನಿಯ ಅನುಮಾನ ನಿಜವಾಯಿತು. "ಕೀಲು ಇನ್ನೂ ಹಾಳಾಗಿಲ್ಲ. ಒಳ್ಳೇ ಸಮಯಕ್ಕೆ ಬಂದಿದ್ದೀರಿ," ಎಂದರು. ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟು, ದಿನಾ ನುಂಗಬಾರದು ಎಂದು ಒತ್ತಿ ಹೇಳಿದರು. ಆಗಾಗ ಬಂದು ರಕ್ತ ತೋರಿಸಬೇಕೆಂದರು.

ಚಳಿ ಕಳೆದು ಬೇಸಿಗೆ ಬರುವಷ್ಟರಲ್ಲಿ ಪಾದದ ನೋವು ಹೋಯಿತು. ಕೈಯ ಊತ ಇಳಿದರೂ ಪೂರ್ತಿ ಹೋಗಲಿಲ್ಲ. ಆಗ ಡಾಕ್ಟರಮ್ಮ, ಕೂಗುವ ಪ್ರೋಟೀನುಗಳಲ್ಲಿ ಒಂದನ್ನು ಹಿಡಿದು ಸುಮ್ಮನಾಗಿಸುವ ಇಂಜೆಕ್ಷನ್ ಇದೆ ಎಂದು ತಿಳಿಸಿದರು. ಮೊದಲು ಮೈಯಲ್ಲಿ ಕ್ಷಯದಂಥ ಸೋಂಕು ಅಡಗಿಲ್ಲವೆಂದು ಪರೀಕ್ಷಿಸಿದರು. ಆಮೇಲೆ ಇನ್ನೊಂದು ಮಾತು ಕೇಳಿದರು.

"ಇಲ್ಲೇ ಮೇಲಿನ ಮಹಡೀಲಿ ಈ ಪ್ರೋಟೀನುಗಳ ಬಗ್ಗೆ ಸಂಶೋಧನೆ ನಡೀತಿದೆ. ನಿಮಗೆ ಒಪ್ಪಿಗೆ ಇದ್ರೆ ಸ್ವಲ್ಪ ರಕ್ತ ಕೊಡ್ತೀರಾ?"

ಅಕ್ಕ ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದಿದ್ದ ಅತ್ತೆ ಎದ್ದು ನಿಂತರು. "ನನ್ನ ಸೊಸೆ ಮೇಲೆ ಪ್ರಯೋಗನಾ? ಅವಳೇನು ಇಲಿನಾ?"

ಗಲಾಟೆ ಕೇಳಿ ನಾದಿನಿ ಓಡಿ ಬಂದಳು. ತಾಯಿ, ಅತ್ತಿಗೆ ಇಬ್ಬರನ್ನೂ ಮೇಲಿನ ಮಹಡಿಗೆ ಕರೆದೊಯ್ದಳು. ಉದ್ದನೆಯ ಕೋಣೆ. ಗಾಜಿನ ನಳಿಕೆಗಳು, ಗುಂಯ್‌ಗುಡುವ ಶೀತಲ ಪೆಟ್ಟಿಗೆಗಳು. ಬಿಳಿ ಕೋಟು ತೊಟ್ಟ ಸಂಶೋಧಕಿಯೊಬ್ಬಳು ಕುರ್ಚಿ ಎಳೆದು ಕೊಟ್ಟಳು. ಅತ್ತೆ ಕೂರಲಿಲ್ಲ. ಇಲಿಯ ಪ್ರಶ್ನೆಯನ್ನೇ ಮತ್ತೆ ಕೇಳಿದರು.

"ಇಲಿ ಹತ್ರ ಯಾರೂ ಒಪ್ಪಿಗೆ ಕೇಳಲ್ಲ ಅಜ್ಜಿ," ಎಂದಳು ಸಂಶೋಧಕಿ ನಗುತ್ತ. "ನಿಮ್ಮ ಸೊಸೆ ಹತ್ರ ಕೇಳ್ತಾ ಇದ್ದೀವಿ. ಒಂದೇ ಇಂಜೆಕ್ಷನ್ನು ಒಬ್ಬರಿಗೆ ಹಿಡಿಯುತ್ತೆ, ಇನ್ನೊಬ್ಬರಿಗೆ ಹಿಡಿಯಲ್ಲ. ಯಾಕೆ ಅಂತ ತಿಳೀಬೇಕು. ಅದಕ್ಕೆ ಯಾರ ರಕ್ತದಲ್ಲಿ ಯಾವ ಪ್ರೋಟೀನು ಎಷ್ಟಿದೆ ಅಂತ ಅಳೀತೀವಿ."

"ಇದರಿಂದ ಇವಳಿಗೇನು ಲಾಭ?"

"ಲಾಭ ಆಗುತ್ತೆ ಅಂತ ಸುಳ್ಳು ಹೇಳಲ್ಲ. ಮುಂದೆ ಬರೋರಿಗೆ ಆಗಬಹುದು. ಬೇಡ ಅಂದ್ರೂ ಇವರ ಚಿಕಿತ್ಸೆ ಹೀಗೇ ನಡೆಯುತ್ತೆ. ಇವತ್ತು ಹೂಂ ಅಂದು ನಾಳೆ ಬೇಡ ಅಂದ್ರೂ ನಮ್ಮ ತಕರಾರಿಲ್ಲ."

ಅಕ್ಕ ಈಗ ಕೇಳಿದಳು, "ನನಗೆ ಕೊಡೋ ಇಂಜೆಕ್ಷನ್ ಹೇಗೆ ಬಂತು?"

"ಹಿಂದೆ ಎಷ್ಟೋ ಜನ ಹೀಗೇ ರಕ್ತ ಕೊಟ್ಟರು. ಹೊಸ ಔಷಧಿ ಹಾಕಿಸಿಕೊಳ್ಳೋಕೂ ಮುಂದೆ ಬಂದರು. ಅದಕ್ಕೇ ಬಂತು ಅಕ್ಕ."

ಯಾವುದೋ ಊರಿನ ಯಾವುದೋ ಕೋಣೆಯಲ್ಲಿ, ಊದಿದ ಕೈಯನ್ನು ಚಾಚಿದ ಯಾರನ್ನೋ ಅಕ್ಕ ನೆನೆದಳು. ಆಕೆಯೂ ಕೆಲಸದ ಹೆಂಗಸೇ ಇರಬೇಕು ಅನ್ನಿಸಿತು. ಸೆರಗು ಸರಿಸಿ ಕೈ ಚಾಚಿದಳು. ಅತ್ತೆ ಒಂದು ಗಳಿಗೆ ಅವಳ ಮುಖ ನೋಡಿದರು. ಆಮೇಲೆ ಸಂಶೋಧಕಿಯತ್ತ ತಿರುಗಿ, "ಎಡಗೈಯಲ್ಲಿ ತಗೊಳ್ಳಮ್ಮ. ಬಲಗೈ ನಾದೋ ಕೈ," ಎಂದರು.

ಅಷ್ಟಕ್ಕೇ ಮುಗಿಯಲಿಲ್ಲ. ಹೋಲಿಸಿ ನೋಡಲು ಈ ರೋಗ ಇಲ್ಲದವರ ರಕ್ತವೂ ಬೇಕಾಗುತ್ತದೆಂದು ತಿಳಿದದ್ದೇ ತಡ, ಅತ್ತೆಯೂ ರವಿಕೆಯ ತೋಳು ಮಡಚಿ ಕೂತರು.

"ತಗೊಳ್ಳಿ. ನನ್ನ ರಕ್ತದಲ್ಲಿ ಕೂಗೋರು ಒಬ್ಬರೂ ಸಿಗಲ್ಲ."

"ಹೇಗೆ ಸಿಗ್ತಾರೆ? ಕೂಗೋದೆಲ್ಲ ನೀನು ಹೊರಗೇ ಮುಗಿಸ್ತೀಯಲ್ಲ," ಎಂದಳು ಮಗಳು. ಇಡೀ ಕೋಣೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅತ್ತೆಯೇ.

ಅಕ್ಕನಿಗೆ ಇಂಜೆಕ್ಷನ್ ಹಿಡಿಯಿತು. ಒಂದೇ ಸಲಕ್ಕೆ ಅಲ್ಲ, ನಿಧಾನಕ್ಕೆ. ಒಂದು ಮುಂಜಾನೆ ನಾದಿ ಮುಗಿಸಿ ಕೈ ತೊಳೆಯುವಾಗ ಅವಳು ತಟ್ಟನೆ ನಿಂತಳು.

"ರೀ, ಇವತ್ತು ನನಗೆ ಬೆರಳಿನ ನೆನಪೇ ಆಗಲಿಲ್ಲ."

ಗಂಡ ಹಿಟ್ಟು ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡು ಮುಖವೆಲ್ಲ ಬೆಳ್ಳಗೆ ಮಾಡಿಕೊಂಡ. ಅವನನ್ನು ನೋಡಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ.

ಮಾತ್ರೆ, ಇಂಜೆಕ್ಷನ್, ತಪಾಸಣೆ ಈಗಲೂ ನಡೆದಿವೆ. ಜ್ವರ ಬಂದರೆ ಅಕ್ಕ ಮೊದಲು ಆಸ್ಪತ್ರೆಗೆ ಫೋನ್ ಮಾಡುತ್ತಾಳೆ. ಚೆನ್ನಾಗಿದ್ದೇನೆಂದು ತಾನಾಗಿಯೇ ಔಷಧಿ ಬಿಟ್ಟಿಲ್ಲ. ಇನ್ನು ಅತ್ತೆಯ ಕಥೆ ಕೇಳಬೇಕೆ? ಮೊನ್ನೆ ಸೈಕಲ್ ರಿಪೇರಿಯವನ ಹೆಂಡತಿ ಬನ್ನು ಕೊಳ್ಳಲು ಬಂದು, ಪರ್ಸಿನ ಜಿಪ್ಪು ಎಳೆಯಲಾಗದೆ ಒದ್ದಾಡುತ್ತಿದ್ದಳು. ಅತ್ತೆ ಅವಳ ಕೈ ಹಿಡಿದು ಕೇಳಿದರು:

"ಬೆಳಿಗ್ಗೆ ಎಷ್ಟು ಹೊತ್ತು ಬಿಗಿ ಇರುತ್ತೆ?"

"ಬಹಳ ಹೊತ್ತು ಇರುತ್ತೆ ಅಜ್ಜಿ. ವಯಸ್ಸಾಯ್ತಲ್ಲ, ಅದಕ್ಕೆ ಅನ್ಸುತ್ತೆ."

"ವಯಸ್ಸು ಅಂತೆ ವಯಸ್ಸು," ಎಂದವರೇ ಗಲ್ಲಾ ಬಿಟ್ಟು ಇಳಿದರು. ಮಗನನ್ನು ಅಲ್ಲಿ ಕೂರಿಸಿ, ಅವಳನ್ನು ಕರೆದುಕೊಂಡು ಆಸ್ಪತ್ರೆಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕಳ್ಳನ ಕಥೆ ಹೇಳಿದರಂತೆ. ಬಸ್ಸಿನವರೆಲ್ಲ ಕಿವಿಗೊಟ್ಟು ಕೇಳಿದರಂತೆ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಬೆಳಿಗ್ಗೆ ಲೋಟ ಹಿಡಿಯಲು ಕಷ್ಟಪಡುತ್ತಿದ್ದಾರೆಯೇ, ನೋಡಿ. ಗೆಣ್ಣು ಊದಿ, ಎದ್ದ ಮೇಲೆ ಅರ್ಧ ಗಂಟೆಗೂ ಹೆಚ್ಚು ಬಿಗಿಯಾಗಿದ್ದು, ಕೆಲವು ವಾರವಾದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆಯಲ್ಲೇ ದಿನ ದೂಡಬೇಡಿ. ಸಂಶೋಧನೆಗೆ ನೆರವು ಕೇಳಿದರೆ ಹೆದರಬೇಡಿ. ಏನು, ಯಾಕೆ ಎಂದು ಬಾಯಿ ಬಿಟ್ಟು ಕೇಳಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಮನಸ್ಸು ಒಪ್ಪಿದರೆ ಮಾತ್ರ ಕೈ ಚಾಚಿ. ನೀವು ಎಂದೂ ಕಾಣದ ಒಬ್ಬಳು ನಾಳೆ ಬೆಳಿಗ್ಗೆ ನೋವಿಲ್ಲದೆ ತನ್ನ ಕೆಲಸಕ್ಕೆ ಹೊರಟಾಳು.