ಎರಡು ಪೆಟ್ಟಿನ ನಿಯಮ

ಕೆನಡಾದ ಉತ್ತರ ತುದಿಯ ನುನಾವುಟ್‌ನ ಆ ನೆಲ ಕೊರೆಯುವ ಶಿಬಿರದಲ್ಲಿ ಅಡುಗೆ ಡೇರೆಯ ಬಾಗಿಲಿಗೆ ಒಂದು ಕಬ್ಬಿಣದ ಕೊಳವೆ ತೂಗುತ್ತಿತ್ತು. ವೆಂಡೆಲ್ ಅದಕ್ಕೆ ಎರಡು ಪೆಟ್ಟು ಹಾಕಿದರೆ ಎಲ್ಲರೂ ಫೋನ್ ಆರಿಸಬೇಕು. ಒಂದು ಪೆಟ್ಟು ಹಾಕಿದರೆ ಮನೆಯವರ ಜೊತೆ ಮಾತಾಡಬಹುದು. ಅಷ್ಟು ಜನಕ್ಕೂ ಇಂಟರ್ನೆಟ್ಟಿಗೆ ಇದ್ದದ್ದು ಒಂದೇ ಡಿಶ್, ಅದೂ ಮಂಜು ಕವಿದರೆ ಮುನಿಸಿಕೊಳ್ಳುವಂಥದು. ಮಾಂಟ್ರಿಯಲ್ ಕಚೇರಿಗೆ ಹೋಗುವ ವಿಪಿಎನ್ ಎಂಬ ಬೀಗ ಹಾಕಿದ ದಾರಿಯೂ ಅದರ ಮೇಲೆಯೇ. ಕೊರೆದು ತೆಗೆದ ಕಲ್ಲಿನ ಚಿತ್ರಗಳು ಆ ದಾರಿಯಲ್ಲಿ ಹೋಗುವಾಗ ಸಂಪರ್ಕ ಒಮ್ಮೆ ಕಡಿಯಿತೋ, ಮತ್ತೆ ಮೊದಲಿನಿಂದ ಕಳಿಸಬೇಕು.

ಅದು ಕಡಿಯದಂತೆ ಕಾಯುವುದೇ ವೆಂಡೆಲ್‌ನ ಕೆಲಸ. ಸುಮ್ಮನಿದ್ದರೆ ದಾರಿ ತಾನೇ ಮುಚ್ಚಿಕೊಳ್ಳುತ್ತದೆಂದು, ಈ ಕಡೆಯ ಯಂತ್ರ ಆಗಾಗ "ಇದ್ದೀಯಾ?" ಎಂದು ಕೇಳುವಂತೆ, ಆ ಕಡೆಯದು "ಇದ್ದೀನಿ" ಎನ್ನುವಂತೆ ಏರ್ಪಾಡು ಮಾಡಿದ್ದ. ಆ ಉತ್ತರ ಬಂದಾಗಲೆಲ್ಲ ಅವನಿಗೆ ಒಳಗೊಳಗೇ ಹೆಮ್ಮೆ.

ಮೂರು ದಿನದ ಮಂಜು ತುಸು ತಿಳಿಯಾದ ಸಂಜೆ ಅವನು ಎರಡು ಪೆಟ್ಟು ಹಾಕಿದ.

"ಬಡಿದ ನೋಡಿ! ಊಟಕ್ಕಲ್ಲ, ಉಪವಾಸಕ್ಕೆ," ಎಂದಳು ಅಡುಗೆಯ ಮಾರ್ಜ್. ಎಲ್ಲರೂ ನಕ್ಕರು. ನ್ಯೂಫೌಂಡ್‌ಲ್ಯಾಂಡ್‌ನ ಸೆಲ್ಬಿ ಮಾತ್ರ ನಗಲಿಲ್ಲ, ವೆಂಡೆಲ್‌ನ ಹಿಂದೆಯೇ ಬಂದ.

"ಐದೇ ನಿಮಿಷ ಲೈನ್ ಕೊಡೋ. ಈಗ ತಾನೇ ನಮ್ಮಕ್ಕ ಡೋರೀನ್ ಮೆಸೇಜ್ ಹಾಕಿದ್ಲು. ಅಮ್ಮ ಕಣ್ಣು ಬಿಟ್ಟು ನನ್ನೇ ಕೇಳ್ತಿದಾಳಂತೆ."

"ಸ್ಯಾಟಲೈಟ್ ಫೋನ್ ತಗೊಂಡು ಮಾತಾಡು."

"ಅವಳಿಗೆ ಕಿವಿ ಎಲ್ಲಿ ಕೇಳುತ್ತೋ? ನನ್ನ ಮೂತಿ ಕಾಣ್ಬೇಕು ಅವಳಿಗೆ."

ವೆಂಡೆಲ್ ಪರದೆ ನೋಡಿದ. ಚಿತ್ರಗಳ ಕಡತ ಅರ್ಧ ಹೋಗಿತ್ತು.

"ವಿಡಿಯೋ ಹಾಕಿದ್ರೆ ಕಡಿದೇ ಹೋಗುತ್ತೆ ಮಾರಾಯ. ಮೂರು ದಿನದ್ದು ಹೋಗ್ತಿದೆ, ಅಲ್ಲಿ ಆಫೀಸಲ್ಲಿ ಕಾಯ್ತಾ ಕೂತಿರ್ತಾರೆ. ಅರ್ಧ ಗಂಟೆ ತಡ್ಕೋ. ಮೊದಲ ಕಾಲ್ ನಿಂದೇ, ಆಯ್ತಾ?"

ಸೆಲ್ಬಿ ವಾದ ಮಾಡುವವನಲ್ಲ. ಕೊರೆಯುವ ಯಂತ್ರವನ್ನು ನಡುವೆ ನಿಲ್ಲಿಸಿದರೆ ಏನಾಗುತ್ತದೆಂದು ಬಲ್ಲವನು. ಹೊರಗೆ ಮಗುಚಿಟ್ಟ ಬಕೆಟ್ಟಿನ ಮೇಲೆ ಫೋನ್ ಹಿಡಿದು ಕುಳಿತ. ಅವನು ಕೂಗಾಡಿದ್ದರೆ, ಹಿಗ್ಗಾಮುಗ್ಗಾ ಬೈದಿದ್ದರೆ ಕೊಟ್ಟುಬಿಡುತ್ತಿದ್ದೆನಲ್ಲ ಎಂದು ವೆಂಡೆಲ್ ಆಮೇಲೆ ಎಷ್ಟು ಸಲ ಅಂದುಕೊಂಡನೋ.

ಕಡತ ಒಂದು ಸಲವೂ ಕಡಿಯದೆ ಮುಟ್ಟಿತು. ವೆಂಡೆಲ್ ಓಡಿ ಹೋಗಿ ಕೊಳವೆಗೆ ಒಂದು ಪೆಟ್ಟು ಹಾಕಿದ. ಸೆಲ್ಬಿಯ ಫೋನಿನಲ್ಲಿ ಡೋರೀನಳ ಮುಖ ಬಂತು.

"ಇಷ್ಟೊತ್ತು ಬಾಗಿಲ ಕಡೇನೇ ನೋಡ್ತಿದ್ಲು ಕಣೋ," ಎಂದಳು. "ಈಗ ಹೋಗ್ಬಿಟ್ಲು."

ವೆಂಡೆಲ್ ಸ್ಯಾಟಲೈಟ್ ಫೋನ್ ಎತ್ತಿಕೊಂಡು ಮಾಂಟ್ರಿಯಲ್‌ಗೆ ಕರೆ ಮಾಡಿದ. ಕಡತ ಬಂದಿದೆ, ಒಳ್ಳೆಯದಾಯಿತು ಎಂಬ ಒಂದು ಮಾತಾದರೂ ಅವನಿಗೆ ಬೇಕಿತ್ತು. ಬಹಳ ಹೊತ್ತಿನ ಮೇಲೆ ಕಾವಲಿನವನು ಎತ್ತಿದ.

"ಇವತ್ತು ಯಾರೂ ಬಂದಿಲ್ಲ ಸಾರ್. ಸಾಂ ಜಾಂ ಹಬ್ಬ ಅಲ್ವಾ? ನಮ್ಮ ಕ್ವಿಬೆಕ್ ಪ್ರಾಂತ್ಯಕ್ಕೆಲ್ಲಾ ರಜ. ನಾಳೆ ಮಾಡಿ."

ಶಿಬಿರದಲ್ಲಿ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಹಬ್ಬ ಯಾರಿಗೆ ನೆನಪಿರುತ್ತದೆ? ಖಾಲಿ ಕಚೇರಿಯ ಯಂತ್ರ "ಇದ್ದೀನಿ" ಎಂದದ್ದನ್ನು ನಂಬಿ ಅಲ್ಲಿ ಜನ ಕಾಯುತ್ತಿದ್ದಾರೆಂದು ತಿಳಿದಿದ್ದ. ಕಾಯುತ್ತಿದ್ದವಳು ಬೇರೆ ಕಡೆ ಇದ್ದಳು. ವೆಂಡೆಲ್‌ಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅಮ್ಮನನ್ನು ಮಣ್ಣು ಮಾಡಿ ಬಂದ ಸೆಲ್ಬಿ ಮುಂದಿನ ಪಾಳಿಗೆ ಹಾಜರಾದ. ಮೊದಲ ಸಂಜೆ ಸೂಪಿನ ಬಟ್ಟಲು ಹಿಡಿದು ವೆಂಡೆಲ್‌ನ ಪಕ್ಕದಲ್ಲೇ ಕುಳಿತ.

"ಅವತ್ತಿನ ಫೈಲು ಹೊತ್ತಿಗೆ ಸರಿಯಾಗಿ ಮುಟ್ತೇನೋ?"

ಹಬ್ಬದ ಮಾತು ವೆಂಡೆಲ್‌ನ ನಾಲಿಗೆಯ ತುದಿಗೆ ಬಂತು.

"ಮುಟ್ತು," ಎಂದ.

"ಸದ್ಯ. ಅಷ್ಟಾದ್ರೂ ಆಯ್ತಲ್ಲ. ಪಾಪ, ಅವರೂ ಕಾಯ್ತಾ ಇದ್ರು."

ಸೆಲ್ಬಿ ಜೇಬಿನಿಂದ ಫೋನ್ ತೆಗೆದು, ತಾನೇ ಆರಿಸಿ ಮೇಜಿನ ಮೇಲಿಟ್ಟ.

"ಹೊತ್ತಾಯ್ತು ಕಣೋ," ಎಂದ. "ಹೋಗಿ ಬಡಿ."