ಸೀಮೆಸುಣ್ಣದ ಕಿಟಕಿ

ಅಕ್ಕನ ಕೋಣೆಗೆ ಕಿಟಕಿ ಇಲ್ಲ. ಕಾಲಿನ ಸ್ವಾಧೀನ ತಪ್ಪಿದ ಮೇಲೆ ಅವಳು ಮಂಚದ ಮೇಲಿಂದಲೇ, ಕೋಲಿನ ತುದಿಗೆ ಸೀಮೆಸುಣ್ಣ ಕಟ್ಟಿ, ಎದುರು ಗೋಡೆಯ ಮೇಲೆ ಒಂದು ಕಿಟಕಿ ಬರೆದಿದ್ದಳು. ಸಂಜೆಯ ಹೊತ್ತು ಅದರಿಂದ ಗಾಳಿ ಬೀಸಿದಂತೆ ನನಗೂ ಅನಿಸುತ್ತಿತ್ತು. ಹೋದ ವರ್ಷ ನನ್ನ ಸಂಬಳದಲ್ಲಿ ಹೆಚ್ಚಾಗಿ ಮುರಿದುಕೊಂಡಿದ್ದ ತೆರಿಗೆ ವಾಪಸು ಬಂದು ಸೋರುವ ಸೂರು ರಿಪೇರಿಯಾಯಿತು. ಈ ವರ್ಷ ವಾಪಸು ಬರುವ ದುಡ್ಡಿನಲ್ಲಿ ನಿಜವಾದ ಕಿಟಕಿ ಇಡಿಸುತ್ತೇನೆಂದು ಮಾತು ಕೊಟ್ಟಿದ್ದೆ. ಗಾರೆಯವನಿಗೂ ಹೇಳಿಯಾಗಿತ್ತು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಿದ್ದೀಯಲ್ಲೇ," ಅಂದಿದ್ದಳು ಅಕ್ಕ. ಆದರೂ ಗೋಡೆಯ ಕಿಟಕಿಗೆ ಪರದೆ ಬರೆದಳು.

ಬೆಳಗ್ಗೆ ನಾನು ಗಾಜಿನ ಮನೆಯೊಂದರಲ್ಲಿ ಸಸಿ ಬೆಳೆಸುತ್ತೇನೆ. ಈ ವರ್ಷ ಸಂಜೆಗೂ ಒಂದು ಕೆಲಸ ಹಿಡಿದಿದ್ದೆ, ನಾಟಕಶಾಲೆಯ ಪೋಷಾಕುಗಳಿಗೆ ಇಸ್ತ್ರಿ ಮಾಡುವುದು. ನಡುವೆ ಬಸ್ಸಿನಲ್ಲಿ ತೂಕಡಿಸುವಾಗ ಎಲೆಗಳೆಲ್ಲ ಮಖಮಲ್ಲಿನ ಅಂಗಿಗಳಾಗಿ ತೂಗುತ್ತಿದ್ದವು.

ವರ್ಷದ ಲೆಕ್ಕ ಕೇಳಲು, ಗಾಜಿನ ಮನೆಯಲ್ಲಿ ಸಂಬಳ ಬಟವಾಡೆ ಮಾಡುವ ಹಿರಿಯಾಕೆಯ ಹತ್ತಿರ ಹೋದೆ. ಎಲ್ಲರಿಗೂ ಅವರು ಲೆಕ್ಕದಮ್ಮ. ಎರಡೂ ಕಡೆಯ ಸಂಬಳದ ಚೀಟಿ ಪಕ್ಕಪಕ್ಕ ಇಟ್ಟು ಕನ್ನಡಕ ಏರಿಸಿದರು.

"ವಾಪಸು ಏನೂ ಬರಲ್ಲ ಕಣಮ್ಮ. ನೀನೇ ಸ್ವಲ್ಪ ಕಟ್ಟಬೇಕು."

"ಎರಡೂ ಕಡೆ ತೆರಿಗೆ ಅರ್ಜೀಲಿ ಒಂದೇ ಥರ ಬರೆದಿದ್ದೆನಲ್ಲಮ್ಮಾ? ತಪ್ಪಾಗಬಾರದು ಅಂತ ನೋಡ್ಕೊಂಡೇ ಬರೆದೆ."

"ಅದೇ ಎಡವಟ್ಟು. ಸಂಪಾದನೇಲಿ ಇಷ್ಟು ಭಾಗಕ್ಕೆ ತೆರಿಗೆ ಇಲ್ಲ ಅನ್ನೋ ವಿನಾಯಿತಿ ಕೊಡೆ ಇದ್ದ ಹಾಗೆ, ಒಬ್ಬೊಬ್ಬರಿಗೆ ಒಂದೇ. ನೀನು ಎರಡು ಕಡೆ ಬಿಚ್ಚಿದೀಯ. ಆ ಭಾಗ ನಾವೂ ಬಿಟ್ವಿ, ಅವರೂ ಬಿಟ್ರು. ಇಬ್ಬರೂ ತೆರಿಗೆ ಕಮ್ಮಿ ಮುರಿದ್ವಿ."

"ಹಾಗಾದ್ರೆ ನನ್ನ ದುಡ್ಡು ಹೋಯ್ತಾ?"

"ಎಲ್ಲಿಗೆ ಹೋಗುತ್ತೆ? ಹೋದ ವರ್ಷ ಬಂದಿದ್ದು ಬಹುಮಾನ ಅಲ್ಲ. ನಿನ್ನದೇ ದುಡ್ಡು, ತಡವಾಗಿ ಬಂತು. ಈ ಸಲ ತಿಂಗಳು ತಿಂಗಳು ಮುಂಚೇನೇ ಕೈಗೆ ಬಂದಿದೆ, ಕಟ್ಟಬೇಕಾದ್ದೂ ಸೇರಿ. ಇಸ್ತ್ರಿ ಕಡೆ ಅರ್ಜಿ ಬದಲಾಯಿಸು. ಅಲ್ಲಿ ಕೊಡೆ ಬೇಡ ಅನ್ನು."

ಮನೆಗೆ ಬಂದು ಹೇಳುವಾಗ ಅಕ್ಕನ ಮುಖ ನೋಡಲಾಗದೆ ಗೋಡೆಯ ಪರದೆಯನ್ನೇ ನೋಡಿದೆ.

"ಮುಂಚೇನೇ ಬಂದಿದ್ದು ಏನಾಯ್ತೇ?"

ಯೋಚಿಸಿದೆ. ಆ ದುಡ್ಡೇ ಕೂಡಿ ಅವಳ ಗಾಲಿಕುರ್ಚಿ ಆಗಿತ್ತು. ಬೀದಿಯವರ ಕಣ್ಣಿಗೆ ಅಂಜಿ ಅವಳು ಅದರಲ್ಲಿ ಅಡುಗೆಮನೆಯಿಂದ ಆಚೆಗೆ ಹೋದವಳಲ್ಲ.

ಅಕ್ಕ ನಕ್ಕಳು. "ಕಿಟಕಿ ಮೇಲೇ ಕೂತಿದೀನಿ ಅನ್ನು! ನಿಮ್ಮ ಗಾಜಿನ ಮನೇಲಿ ಕಿಟಕಿ ಎಷ್ಟಿವೆ?"

"ಅಲ್ಲಿ ಕಿಟಕಿ ಬಿಟ್ಟು ಬೇರೇನಿಲ್ಲ ಅಕ್ಕ."

"ಮತ್ತೆ? ನಾಳೆ ಕುರ್ಚಿ ಅಲ್ಲಿಗೆ ತಳ್ಳು."

ಬೀದಿ ಉದ್ದಕ್ಕೂ ಅವಳು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದಳು. ಲೆಕ್ಕದಮ್ಮನೇ ಬಾಗಿಲು ತೆರೆದರು. ಒಳಗೆ ಆವಿ, ಹಸಿರು, ಎಲ್ಲ ಕಡೆಯಿಂದಲೂ ಬೆಳಕು. ನಾನು ಇಸ್ತ್ರಿ ಕೆಲಸದ ಹೊಸ ಅರ್ಜಿಯನ್ನು ಮತ್ತೆ ಮತ್ತೆ ಓದಿ, ಸರಿಯಾಗಿ ಬರೆದಿದ್ದೇನೆಂಬ ನಂಬಿಕೆ ಇನ್ನೂ ಸಾಲದೆ ಮಡಚಿ ಜೇಬಿಗಿಟ್ಟೆ. ತಿರುಗಿ ನೋಡಿದರೆ ಅಕ್ಕ ಮಂಜು ಕವಿದ ಗಾಜಿನ ಮೇಲೆ ಬೆರಳಿನಿಂದ ನಮ್ಮ ಮನೆ ಬರೆಯುತ್ತಿದ್ದಳು: ಸೂರು, ಬಾಗಿಲು, ಮೆಟ್ಟಿಲು. ತನ್ನ ಕೋಣೆಯ ಗೋಡೆ ಬಂದಾಗ ಒಂದು ಚೌಕವನ್ನು ಅಂಗೈಯಿಂದ ಪೂರ್ತಿ ಒರೆಸಿದಳು.

ಅದರಲ್ಲಿ ಆಕಾಶ ಕಾಣಿಸಿತು.