ಅದು ಯಾರೋ

ತಾಲಿಪಟ್ಟಿನ ಮೊದಲ ತುತ್ತೇ ಕಹಿಯಾಗಿತ್ತು.

ಮಾಡಿದ್ದು ನನ್ನ ಬೀಗಿತಿ ಕಾಶವ್ವ, ಅಳಿಯ ಸಂತೋಷಕುಮಾರನ ತಾಯಿ. ಗದಗದಿಂದ ಕಡಲಾಚೆಯ ಈ ಪ್ಲೆಸೆಂಟನ್ನಿಗೆ, ಮಗನ ಮನೆಗೆ ಬಂದು ಮೂರು ವಾರವಾಗಿತ್ತು. ಅಂದು ಸೋಮವಾರ, ಅವರಿಗೆ ಒಪ್ಪತ್ತು, ಬೆಳಿಗ್ಗೆ ಏನೂ ತಿನ್ನುವುದಿಲ್ಲ. ಆದರೂ ನಾನು ತಡವಾಗಿ ಏಳುವವಳೆಂದು ನನ್ನ ಪಾಲನ್ನು ಬೆಚ್ಚಗೆ ಮುಚ್ಚಿಟ್ಟು, ಪಕ್ಕದಲ್ಲಿ ಬೆಣ್ಣೆಯನ್ನೂ ಇಟ್ಟಿದ್ದರು. ಅಂಥ ತಟ್ಟೆಯ ಮುಂದೆ ಕೂತು ಕಹಿ ಎನ್ನಲು ಬಾಯಿ ಬರಲಿಲ್ಲ.

"ಯಾವ ಸೊಪ್ಪು ಹಾಕಿದ್ದೀರಿ?" ಎಂದೆ.

"ಸಬ್ಬಸಗಿ ಅಲ್ಲೇನ್ರಿ, ನಿಮ್ಮ ಹಿತ್ತಲದಾಗಿಂದು! ನಮ್ಮ ನಿಸರ್ಗಾ ಎರಡು ತಿಂದು ಸಾಲಿಗೆ ಹೋತು. ಮಗ ಸೊಸಿ ತಿನ್ನದ ಓಡಿದ್ರು," ಎಂದರು, ಮೊಮ್ಮಗಳ ಮೇಲಿನ ಅಕ್ಕರೆಯಿಂದ.

ನಮ್ಮ ಹಿತ್ತಲಲ್ಲಿ ಸಬ್ಬಸಿಗೆ ಇಲ್ಲ. ಬಾಯಲ್ಲಿದ್ದದ್ದನ್ನು ಉಗಿದೆ.

ಇರುವುದು ಯಾರೋ. ಆ ಗಿಡದ ಇಂಗ್ಲಿಷ್ ಹೆಸರೇ ಅದು, ಈ ಸೀಮೆಯದೇ ಗಿಡ. ಎರಡು ವರ್ಷದ ಹಿಂದೆ ಹುಲ್ಲುಹಾಸು ಕಿತ್ತಾಗ ಪಕ್ಕದ ಮನೆಯ ಮಹಮೂದಾ ನಾಲ್ಕು ಸಸಿ ತಂದು, ತಾನೇ ಮಂಡಿಯೂರಿ ನೆಟ್ಟುಕೊಟ್ಟಿದ್ದಳು. ನೀರು ಮರೆತರೂ ಸಾಯುವುದಿಲ್ಲ. ಬೇಸಿಗೆಯಲ್ಲಿ ಅದರ ಬಿಳಿ ಹೂಗೊಂಚಲಿನ ಮೇಲೆ ಜೇನ್ನೊಣಗಳು ಮುತ್ತಿಕೊಂಡಿರುತ್ತವೆ. ಎಲೆ ಮಾತ್ರ ಥೇಟ್ ಸಬ್ಬಸಿಗೆಯ ಹಾಗೆ. ಹಿಂದಿನ ಸಂಜೆ ಕಾಶವ್ವ ಕಿಟಕಿಯಿಂದ, "ಅಕ್ಕಾರ, ಅದೇನ್ರಿ?" ಎಂದಾಗ, ಫೋನಿನಲ್ಲಿದ್ದ ನಾನು, "ಅದಾ? ಯಾರೋ" ಎಂದಿದ್ದೆ.

"ಯಾರೋ ಹಾಕಿದ್ದು ಅಂದ್ರಲ್ರೀ ನೀವು," ಎಂದರು ಈಗ. ಮುಖ ಬಿಳಿಚಿತ್ತು.

ಯಾರೋ ಒಂದೇ ಆಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಬೇಲಿಯ ಬುಡದಲ್ಲಿ ಹೆಮ್ಲಾಕ್ ಎದ್ದಿತ್ತು, ಅದೇ ತರಹದ ಎಲೆಯ ಕಳೆ. "ಆಂಟಿ, ಇದು ವಿಷ ಇದೆ. ಕಾಂಡ ನುಣ್ಣಗಿರುತ್ತೆ, ನೇರಳೆ ಚುಕ್ಕೆ ಇರುತ್ತೆ. ಗ್ಲೋವ್ಸ್ ಹಾಕ್ಕೊಂಡು ಎಲ್ಲಾ ಕಿತ್ತುಬಿಡಿ" ಎಂದು ಮಹಮೂದಾ ಹದಿನೈದು ದಿನದ ಹಿಂದೆಯೇ ಹೇಳಿದ್ದಳು. ಒಂದಷ್ಟು ಕಿತ್ತೆ. ಸೊಂಟ ನೋವೆಂದು ಉಳಿದದ್ದನ್ನು ಬಿಟ್ಟೆ.

"ಬೇಲಿ ಹತ್ತಿರದ್ದು ಕಿತ್ತಿದ್ದೀರಾ?"

"ಒಂದೀಟು ಅಲ್ಲಿ, ಒಂದೀಟು ಇಲ್ಲಿ... ನೆನಪಾಗವಲ್ದು."

"ವಾಸನೆಯಾದರೂ ನೋಡಬಾರದಿತ್ತೇ!" ನನ್ನ ದನಿ ಏರಿತ್ತು.

ಕಾಶವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನನಗ ವಾಸನಿ ಬರಂಗಿಲ್ರಿ. ಕರೋನಾ ಆದಾಗಿಂದ. ಮಗಗೂ ಹೇಳಿಲ್ಲ. ಅಡಗಿಮನಿಗೆ ಬಿಡಂಗಿಲ್ಲ ಅಂತ."

ಮಿಲ್ಪಿಟಾಸಿನ ಆಫೀಸಿನಲ್ಲಿದ್ದ ಮಗಳು ಸಿಂಧುವಿಗೆ ಫೋನು ಮಾಡಿದೆ. ಅವಳು ಮೀಟಿಂಗಿನ ಮಧ್ಯದಿಂದಲೇ ವಿಷದ ಸಹಾಯವಾಣಿಯವರನ್ನು ಲೈನಿಗೆ ತಂದಳು. ಆ ಕಡೆಯ ಹೆಂಗಸು ಗದರಲಿಲ್ಲ, ಅವಸರಿಸಲೂ ಇಲ್ಲ. ಯಾವುದು ಎಂದು ಗೊತ್ತಾಗುವವರೆಗೆ ಕಾಯಬೇಡಿ, ಮಗುವನ್ನು ಈಗಲೇ ಆಸ್ಪತ್ರೆಗೆ ಕಳಿಸಿ ಎಂದಳು. ಕಾಂಡವೇನಾದರೂ ಉಳಿದಿದ್ದರೆ ಫೋಟೋ ಬೇಕು ಎಂದಳು.

"ಸ್ಕೂಲಿಗೆ ಹೇಳ್ತೀನಿ, ಆಂಬುಲೆನ್ಸ್ ಕರೀತಾರೆ. ನಾನು ಫ್ರೀವೇ ಹಿಡಿದು ಸೀದಾ ಆಸ್ಪತ್ರೆಗೆ ಹೋಗ್ತೀನಿ. ಅಮ್ಮಾ, ನೀನು ಕಾಂಡ ಹುಡುಕು!" ಸಿಂಧು ಅಳುತ್ತಿದ್ದಳು.

"ಕಾಂಡ ಎಲ್ಲಿ ಹಾಕಿದಿರಿ?"

"ಪೇಪರ್‌ದಾಗ ಸುತ್ತಿ ಹಸಿ ಕಸದ ತೊಟ್ಟಿಗೆ..."

ತೊಟ್ಟಿ ರಸ್ತೆಯ ಅಂಚಿನಲ್ಲಿತ್ತು. ಕಸದ ಲಾರಿಯ ಸದ್ದು ಕೇಳಿಸುತ್ತಿತ್ತು.

ಎಪ್ಪತ್ತನಾಲ್ಕು ವರ್ಷದ ನಾನು ಬರಿಗಾಲಲ್ಲಿ ಓಡಿದೆ. ಲಾರಿಯ ಕಬ್ಬಿಣದ ತೋಳು ನಮ್ಮ ತೊಟ್ಟಿಯನ್ನು ಹಿಡಿದು ಮೇಲೆತ್ತುತ್ತಿತ್ತು. ಎರಡೂ ಕೈ ಎತ್ತಿ ಕೂಗಿದೆ. ಏನು ಕೂಗಿದೆನೋ, ಕನ್ನಡದಲ್ಲೇ ಇರಬೇಕು. ತೋಳು ಅರ್ಧದಲ್ಲಿ ನಿಂತಿತು. ಚಾಲಕ ತೊಟ್ಟಿಯನ್ನು ಇಳಿಸಿ, ಕೆಳಗೆ ಬಂದು, ಒಂದು ಪ್ರಶ್ನೆಯನ್ನೂ ಕೇಳದೆ ಅದನ್ನು ಮೆಲ್ಲಗೆ ಅಡ್ಡ ಮಲಗಿಸಿದ. ತನ್ನ ಕೈಗವಸು ಬಿಚ್ಚಿ ನನಗೆ ಕೊಟ್ಟ.

ಕೂಗು ಕೇಳಿ ಮಹಮೂದಾ ಓಡಿಬಂದಳು. ಪೊಟ್ಟಣ ಬಿಚ್ಚಿ ಕಾಂಡಗಳನ್ನು ಫುಟ್‌ಪಾತಿನ ಮೇಲೆ ಹರಡಿದಳು. "ಇದಕ್ಕೆ ರೋಮ ಇದೆ, ಯಾರೋ. ಇದೂ ಯಾರೋ ಆಂಟಿ, ಇದೂ." ಆಮೇಲೆ ಅವಳ ಕೈ ನಿಂತಿತು. ಒಂದು ಕಾಂಡ ನುಣ್ಣಗಿತ್ತು. ಅಡಿಯಲ್ಲಿ ನೇರಳೆ ಛಾಯೆ.

ಅಷ್ಟರಲ್ಲಿ ಕಾಶವ್ವನೂ ಬಂದು ನಿಂತಿದ್ದರು. ಕಾಶವ್ವ ಅದನ್ನು ಮೂಗಿಗೆ ಹಿಡಿದು, ಹಿಡಿದು, ಏನೂ ತಿಳಿಯದೆ ನನ್ನತ್ತ ಚಾಚಿದರು. "ನೀವು ನೋಡ್ರಿ ಅಕ್ಕಾರ."

ನಾನು ಅದನ್ನು ಹೊಸಕಿದೆ. ಮೂಗಿನ ಬಳಿ ತರಲು ಕೈಗೆ ಧೈರ್ಯವಿರಲಿಲ್ಲ. ಆದರೂ ತಂದೆ.

ಕೊತ್ತಂಬರಿ. ಗ್ರೋಸರಿಯಿಂದ ತಂದ ಕೊತ್ತಂಬರಿ.

"ಹೌದ್ರಿ, ಕೊತ್ತಂಬರಿನೂ ಹಾಕಿದ್ದೆ!" ಎಂದವರೇ ಕಾಶವ್ವ ರಸ್ತೆಯ ಅಂಚಿನಲ್ಲಿ ಕುಸಿದು ಕೂತು ಅತ್ತರು. ಚಾಲಕ ತನ್ನ ನೀರಿನ ಬಾಟಲಿಯನ್ನು ಅವರ ಪಕ್ಕ ಇಟ್ಟ.

ಫೋಟೋ ಸಹಾಯವಾಣಿಗೆ ಹೋಯಿತು. ಆದರೂ ಆಸ್ಪತ್ರೆಯವರು ಮಧ್ಯಾಹ್ನದವರೆಗೆ ನಿಸರ್ಗಾಳನ್ನು ಬಿಡಲಿಲ್ಲ. ಅಷ್ಟು ಹೊತ್ತೂ ನಾವಿಬ್ಬರು ಮುದುಕಿಯರು ಫೋನನ್ನು ನಡುವೆ ಇಟ್ಟುಕೊಂಡು ಕೂತಿದ್ದೆವು. ಕಾಣದೆ ಹೋದ ಒಂದು ಎಲೆ ಹಿಟ್ಟಿನೊಳಗೆ ಸೇರಿದ್ದರೆ? ಫೋನು ಅಲುಗಿದಾಗಲೆಲ್ಲ ಒಬ್ಬರ ಕೈ ಒಬ್ಬರು ಹಿಡಿದೆವು.

ಎರಡು ಗಂಟೆಗೆ ನಿಸರ್ಗಾ ಒಳಗೆ ಬಂದಳು, ಕೈಗೆ ಆಸ್ಪತ್ರೆಯ ಪಟ್ಟಿ. ಕಾಶವ್ವ ಅವಳನ್ನು ಬಿಗಿಯಾಗಿ ಅಪ್ಪಿಕೊಂಡರು. ಆಮೇಲೆ ನಾನು ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ. "ಅಷ್ಟು ಕಹಿ ಇತ್ತಲ್ಲ ಪುಟ್ಟಾ, ಎರಡು ಹ್ಯಾಗೆ ತಿಂದೆ?"

ಎಂಟು ವರ್ಷದ ಹುಡುಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಗದಗದ ಅವ್ವ ಕಾಂಟ್ ಸ್ಮೆಲ್, ಅಜ್ಜಿ. ಶೀ ಆಲ್ವೇಸ್ ಆಸ್ಕ್ಸ್ ಮೀ. ಸೋ ಐ ಸೇ ಘಮಘಮ."

ಮನೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಆ ಮರುಕವೇ ಅವಳಿಗೆ ಎರಡು ತಿನ್ನಿಸಿತ್ತು.

ಗ್ಲೋವ್ಸ್ ಹಾಕಿಕೊಂಡು ಹೋಗಿ ಬೇಲಿಯ ಬುಡದ ಹೆಮ್ಲಾಕನ್ನು ಬೇರುಸಹಿತ ಅಗೆದು ತೆಗೆದೆ. ಸೊಂಟದ ಮಾತು ಕೇಳಲಿಲ್ಲ. ಚಿವುಟಿಸಿಕೊಂಡ ಯಾರೋ ಬೋಳಾಗಿ ನಿಂತಿತ್ತು, ವಾರದಲ್ಲಿ ಚಿಗುರುತ್ತದೆ. ಗಿಡದ ಮುಂದೆ ಊರಲು ಒಂದು ಹಲಗೆಯನ್ನೂ ಮಾರ್ಕರ್ ಪೆನ್ನನ್ನೂ ತಂದುಕೊಂಡೆ.

ಕಾಶವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕಣ್ಣು ಇನ್ನೂ ಕೆಂಪಗಿತ್ತು.

"ಅಕ್ಕಾರ, ಮತ್ತ ಯಾರೋ ಅಂತ ಬರದೀರಿ!"

'ಸಬ್ಬಸಿಗೆ ಅಲ್ಲ' ಎಂದು ಬರೆದೆ. ಗಿಡದ ಮುಂದೆ ಊರಿದೆ.